ಎಡಗೈ ಹೆಣಿಗೆ

ನಮ್ಮೂರ ಹಾಳು ಕೋಟೆಯ ಬೀಗದ ಕೈ ಇದ್ದದ್ದು ಬುಟ್ಟಿ ಹೆಣೆಯುವ ಅಟ್ರಾಕ್ಟಾ ಕಿಲ್‌ಬೇನ್ ಎಂಬ ಮುದುಕಿಯ ಹತ್ತಿರ. ಮೂರು ತಲೆಮಾರಿನಿಂದ ಆ ಮನೆಯವರೇ ಬಾಗಿಲು ತೆಗೆಯುತ್ತಿದ್ದರು. ತೆಗೆಯುವ ಮುಂಚೆ ಹೊಸ್ತಿಲಿಗೆ ಉಗುಳುತ್ತಿದ್ದರು. ಎಂಟುನೂರು ವರ್ಷದ ಹಿಂದೆ ಕಡಲಾಚೆಯ ನಾರ್ಮನ್ನರು ನಮ್ಮ ಮೇಯೊ ಸೀಮೆಗೆ ನುಗ್ಗಿ, ಅವಳ ಹಿರಿಯರ ನೆಲ ಕಸಿದು ಕಟ್ಟಿದ ಕೋಟೆಯಂತೆ ಅದು. ನಾನು ಜಾರ್ಲತ್ ಪ್ರೆಂಡರ್‌ಗಾಸ್ಟ್. ಮನೆತನದ ಹೆಸರು ನಾರ್ಮನ್ನರದು, ಕಸುಬು ಗಾರೆಯದು. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಕೋಟೆಯ ಸಂದುಗಳಿಗೆ ಸುಣ್ಣದ ಗಾರೆ ತುಂಬುವ ಕೆಲಸ ನನಗೆ ಸಿಕ್ಕಿತು. ಮೊದಲ ದಿನವೇ ಶುರುಮಾಡಿದಳು.

"ಏನಪ್ಪಾ, ತಾತನ ಮನೆ ರಿಪೇರಿಗೆ ಬಂದ್ಯಾ?"

"ಬಾಗ್ಲು ತೆಗೀರಮ್ಮ, ಗಾರೆ ಗಟ್ಟಿಯಾಗತ್ತೆ."

"ಮೆಟ್ಲು ನೋಡು, ಬಲಕ್ಕೇ ಸುತ್ಕೊಂಡು ಹೋಗತ್ತೆ. ಹತ್ತಿ ಬರೋನ ಬಲಗೈಗೆ ನಡುಗಂಬ ಅಡ್ಡ, ಕತ್ತಿ ಬೀಸೋಕಾಗಲ್ಲ. ನಿಮ್ಮೋರ ಹೇಡಿ ಬುದ್ಧಿ! ನಮ್ಮನೇಲಿ ಎಲ್ರೂ ಎಡಚ್ರು. ಹತ್ತಿ ಹೋಗಿ ಕಡಿದ್ವಿ. ನಿಮ್ಮೋರಿಗೆ ಒಂದು ಲೋಟ ನೀರು ಕೊಟ್ಟೋರಲ್ಲ ನಾವು."

ಶಾಲೆಗೆ ಹೋಗುವಾಗಿನಿಂದ ಇದನ್ನೇ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಮೂರನೆಯ ದಿನ ಅಟ್ಟಣಿಗೆ ಹತ್ತಿ, ಕೆಳಗಿನ ಕೋಣೆಯ ಕಮಾನು ಚಾವಣಿಯ ಪಾಚಿ ಕೆರೆದೆ. ಗಾರೆಯಲ್ಲಿ ಹೆಣಿಗೆಯ ಅಚ್ಚು ಕಂಡಿತು. ಆ ಕಾಲದಲ್ಲಿ ಬುಟ್ಟಿ ಹೆಣೆಯುವ ವಿಲೋ ಕಡ್ಡಿಯ ತಟ್ಟಿ ಬಗ್ಗಿಸಿ, ಅದರ ಮೇಲೆ ಗಾರೆ ಹಾಕಿ ಕಮಾನಿನ ಕಲ್ಲು ಕೂರಿಸುತ್ತಿದ್ದರು. ತಟ್ಟಿ ಹೋದರೂ ಅಚ್ಚು ಉಳಿಯುತ್ತದೆ. ಅಚ್ಚು ಎಡಬಲ ತಿರುಗಿ ಮೂಡುವುದನ್ನು ಲೆಕ್ಕಕ್ಕೆ ಹಿಡಿದರೂ ಇದು ಎಡಗೈ ಹೆಣಿಗೆಯೇ. ಅಂಚಿನಲ್ಲಿ ಕಡ್ಡಿಯನ್ನು ಎರಡು ಸಲ ಮಡಚಿದ್ದರು. ಹಾಗೆ ಮಡಚುವುದು ನಮ್ಮ ಸೀಮೆಯಲ್ಲಿ ಒಂದೇ ಮನೆ, ಅಟ್ರಾಕ್ಟಾಳದು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಓಡಿಹೋಗಿ ಅವಳನ್ನು ಕರೆತಂದೆ.

"ನೀರೂ ಕೊಡ್ಲಿಲ್ಲ ಅಂದ್ರಿ. ಚಾವಣಿಗೆ ತಟ್ಟಿನೇ ಹೆಣೆದು ಕೊಟ್ಟಿದೀರಲ್ಲಮ್ಮ!"

ಅವಳು ದೀಪ ಎತ್ತಿ ನೋಡಿದಳು. ಎಡಗೈ ಬೆರಳುಗಳು ಅಚ್ಚಿನ ಜೊತೆ ತಾವಾಗಿಯೇ ಆಡಿದವು. ಅಂಚಿಗೆ ಬಂದಾಗ ನಿಂತವು.

"ಮುಚ್ಬಿಡು," ಎಂದಳು.

"ಹಳೇ ಗುರುತು ಯಾವ್ದೂ ಮುಟ್ಟಬಾರ್ದು ಅಂತ ಕೆಲಸ ಕೊಟ್ಟ ಸರ್ಕಾರಿ ಕಚೇರಿ ಅಪ್ಪಣೆ. ಕೋಟೆ ನೋಡೋಕೆ ಬರೋರಿಗೆಲ್ಲ ನೀವೇ ತೋರಿಸ್ಬೇಕು ಇನ್ಮೇಲೆ."

"ಮುಚ್ಚೋ, ನಿನ್ ದಮ್ಮಯ್ಯ."

ನಾನು ನಕ್ಕುಬಿಟ್ಟೆ. ಅವಳು ಬೀಗದ ಕೈಯನ್ನು ನನ್ನ ಗಾರೆ ಬಾಂಡಲಿಯ ಪಕ್ಕ ಇಟ್ಟು ಹೊರಟಳು. ಹೊಸ್ತಿಲಲ್ಲಿ ಉಗುಳಲಿಲ್ಲ.

ಅದು ನನ್ನನ್ನು ಚುಚ್ಚಿತು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಸಂಜೆಯೊಳಗೆ ಅಚ್ಚಿಗೆಲ್ಲ ಗಾರೆ ಮೆತ್ತಿ, ಬೀಗದ ಕೈ ಹಿಡಿದು ಅವಳ ಮನೆಗೆ ಹೋದೆ.

"ಮುಚ್ಚಿದೀನಮ್ಮ. ಇನ್ನು ಯಾರಿಗೂ ಕಾಣಲ್ಲ."

"ನಂಗೆ ಕಾಣತ್ತಲ್ಲೋ," ಎಂದಳು ಒಳಗಿನಿಂದ. ಬಾಗಿಲು ತೆಗೆಯಲಿಲ್ಲ.

ಕೋಟೆಯ ಬೀಗದ ಕೈ ಈಗ ನಮ್ಮ ಪ್ರೆಂಡರ್‌ಗಾಸ್ಟ್ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ.