ಒಂದು ಸೋಪು, ಒಂದು ತೊಟ್ಟು

“ಮಿಸ್, ಯೇಸುಸ್ವಾಮಿ ನನ್ನೊಟ್ಟೆಗೆ ಆಗಲ್ವಂತಾ?”

ಕಾಲೇಜಿನಲ್ಲಿ ನಾಲ್ಕು ಡಿಬೇಟ್ ಕಪ್ ಗೆದ್ದವಳು ನಾನು. ಎದುರಾಳಿ ಎದ್ದು ನಿಲ್ಲುವ ಮೊದಲೇ ಅವರ ಮೂರನೆಯ ಪಾಯಿಂಟಿಗೆ ನನ್ನಲ್ಲಿ ಉತ್ತರ ಸಿದ್ಧವಿರುತ್ತಿತ್ತು. (ಈ ಜಂಬ ನನ್ನ ಓದುಗರಿಗೆ ಹೊಸದಲ್ಲ, ಕ್ಷಮಿಸಿ.) ಆದರೆ ಹತ್ತು ವರ್ಷದ ಲೂರ್ದು ಮೇರಿ ಹೀಗೆ ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು.

ಲೂರ್ದು ತಮಿಳು ಗಡಿಯ ನಮ್ಮ ಬೆಟ್ಟದ ಹಳ್ಳಿ ತಿಗನಾರೆಯವಳು. ಅಪ್ಪ, ಅವ್ವ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾರೆ. ಇವಳು ಅಜ್ಜಿ ಸವೇರಮ್ಮನ ಜೊತೆ. ಈ ವರ್ಷ ನಮ್ಮ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯಲಿರುವ ಐದು ಮಕ್ಕಳಲ್ಲಿ ಒಬ್ಬಳು. ಅವರಿಗೆ ಭಾನುವಾರದ ಪಾಠ ಹೇಳುವವಳು ನಾನು. ಬಲಿಪೀಠದ ಮೇಲಿನ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರವೂ ರಕ್ತವೂ ಆಗುತ್ತವೆ ಎಂಬುದು ನಮ್ಮ ನಂಬಿಕೆ; ಅದೇ ಪರಮಪ್ರಸಾದ. ಆ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ನಿಯಮ.

ಲೂರ್ದುಗೆ ಗೋಧಿ ಆಗದು.

ಮುದ್ದೆ ಉಂಡು ಬೆಳೆದ ಹುಡುಗಿ ಕಳೆದ ವರ್ಷ ಘಾಟಿ ಇಳಿದು ಸತ್ಯಮಂಗಲದ ಹಾಸ್ಟೆಲ್ ಸೇರಿದಳು. ಅಲ್ಲಿ ಚಪಾತಿ, ರವೆ ಉಪ್ಪಿಟ್ಟು, ಬಿಸ್ಕೆಟ್. ಆರು ತಿಂಗಳಲ್ಲಿ ಮಗು ಕಡ್ಡಿಯಾಯಿತು. ಕೊಯಮತ್ತೂರಿನ ವೈದ್ಯರು ಪರೀಕ್ಷೆ ಮಾಡಿಸಿ, ಗೋಧಿಯ ಒಂದು ಚೂರೂ ಇವಳ ಕರುಳಿಗೆ ಹೋಗಕೂಡದು ಎಂದರು. ಊರಿಗೆ ಮರಳಿ ಮತ್ತೆ ಮುದ್ದೆ ಉಂಡಳು. ಕೆನ್ನೆ ತುಂಬಿತು.

ಈಗ ಈ ಪ್ರಶ್ನೆ.

ಓದಿದ್ದೆಲ್ಲ ನೆನಪು ಮಾಡಿಕೊಂಡು ವಿವರಿಸಿದೆ. ವಸ್ತುವಿನ ತಿರುಳು ಬೇರೆ, ಅದರ ತೋರಿಕೆ ಬೇರೆ. ಪೂಜೆಯಲ್ಲಿ ತಿರುಳು ಬದಲಾಗುತ್ತದೆ. ಬಣ್ಣ, ರುಚಿ, ಗುಣ ಗೋಧಿಯವೇ ಉಳಿಯುತ್ತವೆ. ನಿನಗೆ ಆಗದಿರುವುದು ಯೇಸುಸ್ವಾಮಿಯಲ್ಲ, ಆ ಉಳಿದ ಗುಣ.

ಅವಳು ಬಿಡಲಿಲ್ಲ.

“ಅಷ್ಟೆಲ್ಲಾ ಬದ್ಲಾಯ್ಸೋ ದ್ಯಾವ್ರು, ಆ ಗುಣ ಒಂದ್ನ ಯಾಕ್ ತೆಗೀನಿಲ್ಲ ಮಿಸ್?”

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. “ಒಂದಿನ ಒಟ್ಟೆನೋವು ತಾನೆ? ತಡ್ಕತೀನಿ. ಅಜ್ಜಿಗೆ ಏಳ್ಬೇಡಿ.”

ಆಗ ನನಗೆ ನಿಜವಾಗಿ ಭಯವಾಯಿತು. ಉಳಿದ ನಾಲ್ವರ ಸಾಲಿನಲ್ಲಿ ನಿಲ್ಲುವ ಆಸೆಗೆ ಈ ಮಗು ಗುಟ್ಟಾಗಿ ಕಾಯಿಲೆಯನ್ನೇ ನುಂಗಲು ತಯಾರಾಗಿದೆ! ಇಲ್ಲವೆಂದರೆ ಹಿಂದಿನ ಬೆಂಚಿನಲ್ಲಿ ಕುಳಿತು, ದೇವರಿಗೆ ತಾನು ಬೇಡವಾದೆ ಎಂದು ನಂಬಿಬಿಡುತ್ತದೆ. ಎರಡರಲ್ಲಿ ಯಾವುದನ್ನು ಸಹಿಸುವುದು?

ಮರುದಿನ ಹಾಲಿನ ಡಿಪೋದಲ್ಲಿ ಮಾದಪ್ಪನವರು ಸಿಕ್ಕರು. ಅವರ ಮನೆದೇವರು ಶಿವ; ಸವೇರಮ್ಮ ಕೂಲಿಗೆ ಹೋಗುವುದು ಇವರ ಹೊಲಕ್ಕೇ. ವಿಷಯ ಅವರ ಕಿವಿಗೂ ಬಿದ್ದಿತ್ತು.

“ಅಲ್ಲ ಟೀಚರಮ್ಮ, ನಿಮ್ ದ್ಯಾವ್ರು ರಾಗಿ ತಿನ್ನಲ್ವಾ? ಬೇಕಾರೆ ಒಂದ್ ಮೂಟೆ ನಾನೇ ಕಳುಸ್ತೀನಿ. ಆನೆ ತಿಂದು ಮಿಕ್ಕಿರದು ಅಷ್ಟೇಯ!”

ಅವರು ನಕ್ಕರು. ನಾನು ನಗಲಿಲ್ಲ. ತಲೆಯಲ್ಲಿ ದೀಪ ಹತ್ತಿತ್ತು. ಹೌದಲ್ಲ! ಗೋಧಿ ಎಲ್ಲಿಯದೋ, ಈ ಬೆಟ್ಟದ ರೊಟ್ಟಿ ರಾಗಿಯದು. ದುಡಿಯುವವರ ಅನ್ನಕ್ಕೆ ಬಲಿಪೀಠದಲ್ಲಿ ಯಾಕೆ ಜಾಗವಿಲ್ಲ? ಎರಡೇ ದಿನದಲ್ಲಿ ಬಿಷಪ್ಪರಿಗೆ ಏಳು ಪುಟದ ಮನವಿ ಸಿದ್ಧ. ಮಣ್ಣಿನ ಸಂಸ್ಕೃತಿ, ಬಡವರ ಸಭೆ, ಆಹಾರದ ಸಮಾನತೆ... ಓದುಗರೇ, ಕಪ್ ಕೊಡುವ ತೀರ್ಪುಗಾರರು ಅಲ್ಲಿದ್ದಿದ್ದರೆ ಐದನೆಯದೂ ನನ್ನದೇ.

ಮೊದಲ ಸಹಿ ಸವೇರಮ್ಮನದಾಗಬೇಕಲ್ಲ? ತಿಗನಾರೆಗೆ ಹೋಗಿ, ಜಗಲಿಯ ಮೇಲೆ ಕುಳಿತು, ಏಳೂ ಪುಟ ಓದಿ ಹೇಳಿದೆ. ಆಕೆ ಮೊರದಲ್ಲಿ ರಾಗಿ ಕೇರುತ್ತಲೇ ಕೇಳಿದರು.

“ಕಲೆಕ್ಟರ್ಗೆ ಕೊಡೋ ಅರ್ಜಿ ಇದ್ದಂಗದೆ ಕಣವ್ವ. ಬಲೇ ಚೆಂದಾಗಿ ಬರ್ದಿದೀಯೆ. ಅಲ್ಲಾ, ನನ್ ಮೊಮ್ಮಗ್ಳು ಯಾವ್ ಪುಟದಲ್ಲವ್ಳೆ?”

ನಾನು ಪುಟ ತಿರುವಿದೆ. ಮತ್ತೆ ತಿರುವಿದೆ. ಲೂರ್ದುವಿನ ಹೆಸರು ಒಂದೇ ಒಂದು ಕಡೆಯೂ ಇರಲಿಲ್ಲ.

“ಸೇರುಸ್ತೀನಿ ಸವೇರಮ್ಮ...”

“ಬುಡು. ರಾಗಿ ನಾನೇ ಬೆಳೀತೀನಿ, ನಾನೇ ಬೀಸ್ತೀನಿ, ನಾನೇ ತಿರುವ್ತೀನಿ. ಅದುನ್ನ ಮನೇಲೇ ಉಣ್ತೀನಲ್ಲವ್ವ. ಅಲ್ಲಿಗೋಗದು ನಾನ್ ಬೆಳೀದೇ ಇರದ್ನ ಕೈಚಾಚಿ ಈಸ್ಕೊಳಕೆ.” ಮೊರ ಕೆಳಗಿಟ್ಟರು. “ನಂಗ್ ರಾಗಿ ಮಾತು ಬೇಡ. ಮಗಿನ್ ಕೈಗೆ ಏನಾರ ಸಿಕ್ಬೇಕು, ಅಷ್ಟೇಯ.”

ದೇವಕೃಪೆ ಎಂಬುದು ನಮ್ಮ ಗಳಿಕೆಯಲ್ಲ, ಅದು ದಾನ ಎಂದು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ಕೂಲಿಯ ಹೆಂಗಸು ಅದನ್ನು ಮೊರದ ಮುಂದೆ ಕುಳಿತು ಹೇಳಿಬಿಟ್ಟರು. ಮನವಿಯನ್ನು ಮಡಿಸಿ ಚೀಲಕ್ಕೆ ಹಾಕಿದೆ. ನೇರ ಫಾದರ್ ಬಳಿ ಹೋದೆ.

ನಮ್ಮ ಫಾದರ್ ಕೆಳಗಿನ ತಮಿಳು ಸೀಮೆಯವರು; ವಯಸ್ಸಾದವರು; ಕನ್ನಡ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಕೇಳಿ ಬೇಸರಪಟ್ಟರು.

“ಇದನ್ನು ಮೊದಲೇ ಹೇಳಬಾರದಾ ಟೀಚರ್? ರೊಟ್ಟಿ ಬೇಡ. ಅವಳಿಗೆ ದ್ರಾಕ್ಷಾರಸ ಮಾತ್ರ ಕೊಡೋಣ. ಒಂದು ತೊಟ್ಟು ಸಾಕು.”

“ಹಾಗಾದರೆ ಅವಳಿಗೆ ಅರ್ಧ ಸಿಕ್ಕಂತಾಗುವುದಿಲ್ಲವೇ ಫಾದರ್?”

“ಅರ್ಧ?” ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ದೇವರನ್ನು ಅರ್ಧ ಮಾಡೋಕೆ ಆಗುತ್ತಾ? ಚೂರಲ್ಲೂ ಪೂರ್ತಿ, ತೊಟ್ಟಲ್ಲೂ ಪೂರ್ತಿ. ನೀವೇ ಪಾಠ ಮಾಡ್ತೀರಲ್ಲ!”

ಮಾಡುತ್ತೇನೆ. ಪರೀಕ್ಷೆಗೂ ಕೇಳುತ್ತೇನೆ. ಅಗತ್ಯ ಬಿದ್ದಾಗ ಮಾತ್ರ ನೆನಪಾಗಲಿಲ್ಲ.

“ನಿಮ್ಮಿಂದ ಒಂದು ಸಹಾಯ ಆಗಬೇಕು,” ಎಂದರು. ವಾದ ಮಂಡಿಸಲು ನೆಟ್ಟಗೆ ಕುಳಿತೆ. “ಒಂದು ಹೊಸ ಸೋಪು, ಒಂದು ಹೊಸ ಟವೆಲ್ ತನ್ನಿ.”

ಆ ಭಾನುವಾರ ಬಂತು. ಬೇರೆಯದೇ ಒಂದು ಪುಟ್ಟ ಬಟ್ಟಲು. ರೊಟ್ಟಿ ಮುಟ್ಟುವ ಮೊದಲೇ ಅದಕ್ಕೆ ದ್ರಾಕ್ಷಾರಸ ಹಾಕಿ ಮುಚ್ಚಿಟ್ಟಿದ್ದರು. ನಾಲ್ಕು ಮಕ್ಕಳು ರೊಟ್ಟಿ ಪಡೆದು ಹೋದರು. ಐದನೆಯವಳಾಗಿ ಬಿಳಿ ಫ್ರಾಕಿನ ಲೂರ್ದು ನಿಂತಳು. ಫಾದರ್ ರೊಟ್ಟಿಯ ಪಾತ್ರೆಯನ್ನು ಬಲಿಪೀಠದ ಮೇಲಿಟ್ಟು, ಪಕ್ಕದ ಮೇಜಿನತ್ತ ನಡೆದರು. ಅಲ್ಲಿ ನೀರಿತ್ತು. ನಾನು ತಂದ ಸೋಪಿತ್ತು.

ಕೈ ತೊಳೆಯತೊಡಗಿದರು.

ಶಾಸ್ತ್ರಕ್ಕೆ ಬೆರಳ ತುದಿ ನೆನೆಸಿದ್ದಲ್ಲ. ಒಂದೊಂದೇ ಬೆರಳು. ಉಗುರಿನ ಸಂದಿ. ಅಂಗೈಯ ಗೆರೆ. ತೊಳೆದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ತೊಳೆದರು. ಹಾಡುವವರ ಹಾಡು ಮುಗಿದುಹೋಯಿತು. ಬೋಗುಣಿಗೆ ನೀರು ಬೀಳುವ ಸದ್ದೊಂದೇ. ಯಾರೂ ಗಡಿಯಾರ ನೋಡಲಿಲ್ಲ. ಒಂದು ಮಗುವಿಗಾಗಿ ನಾವೆಲ್ಲ ಕಾದೆವು.

ಪ್ರತಿ ವಾರ ಇದೇ ಕೈಗಳನ್ನು ನೋಡಿದ್ದೇನೆ: ತಟ್ಟೆಯಲ್ಲಿ ಉಳಿದ ಕಾಣದಷ್ಟು ಸಣ್ಣ ಚೂರನ್ನೂ ಬೆರಳಿನಿಂದ ಒತ್ತಿ ತೆಗೆಯುವ ಕೈಗಳು, ಯಾಕೆಂದರೆ ಆ ಚೂರಲ್ಲಿ ದೇವರಿದ್ದಾನೆ. ಇಂದು ಅವೇ ಕೈಗಳು ಅದೇ ಚೂರನ್ನು ತೊಳೆದು ತೆಗೆಯುತ್ತಿವೆ. ಯಾಕೆಂದರೆ ಎದುರಿಗೆ ಮಗುವಿದೆ. ಭಕ್ತಿ ಎರಡಲ್ಲ. ಒಂದೇ. ಇಷ್ಟು ವರ್ಷ ಪೂಜೆಗೆ ಬಂದವಳು ನಾನು ಆ ದಿನ ಮೊದಲ ಸಲ ಮೊಣಕಾಲೂರಬೇಕು ಎಂದುಕೊಳ್ಳದೆಯೇ ಮೊಣಕಾಲೂರಿದ್ದೆ.

ಫಾದರ್ ಹೊಸ ಟವೆಲಿನಲ್ಲಿ ಕೈ ಒರೆಸಿಕೊಂಡು ಬಟ್ಟಲು ತಂದರು. ಲೂರ್ದು ತುಟಿ ಒದ್ದೆಯಾಗುವಷ್ಟು ಕುಡಿದಳು. ಹಿಂದೆ ಸವೇರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು.

ಪೂಜೆ ಮುಗಿದ ಮೇಲೆ ಹುಡುಗಿ ಓಡಿ ಬಂದಳು.

“ಎಂಗಿತ್ತಮ್ಮ?” ಎಂದೆ.

“ಉಳೀ!” ಮುಖ ಕಿವುಚಿ ನಕ್ಕಳು. ಆಮೇಲೆ ಗಂಭೀರಳಾದಳು. “ಮಿಸ್, ಅವತ್ತು ಕೇಳುದ್ನಲ್ಲ, ಗೋಧಿ ಗುಣ ದ್ಯಾವ್ರು ಯಾಕ್ ತೆಗೀನಿಲ್ಲ ಅಂತ?”

“ಹೂಂ.”

“ತೆಗ್ದಿದ್ರೆ ಫಾದರ್ ನಂಗೋಸ್ಕರ ಕೈ ತೊಳೀತಿರ್ನಿಲ್ಲ, ಅಲ್ವಾ?”

ಓದುಗರೇ, ಈ ಪಾಯಿಂಟಿಗೆ ನಿಮ್ಮಲ್ಲಿ ಯಾರಿಗಾದರೂ ಎದುರುವಾದ ಹೊಳೆಯುತ್ತದೆಯೇ?