ಭಾವನ ಲ್ಯಾಪ್‌ಟಾಪೂ ಅಕ್ಕನ ಅರ್ಜಿಯೂ

ಹೆಮ್ಮಿಗೆಯ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಾರಿಗೂ ಇಲ್ಲ ಎಂದವರಲ್ಲ. ಊರಿನವರು ಅದನ್ನು ದೊಡ್ಡ ಗುಣವೆಂದು ಹೊಗಳುತ್ತಾರೆ. ಹೊಗಳಲು ಅವರಿಗೇನು, ಮನೆ ತೂಗಿಸುವವಳು ಅಕ್ಕ.

ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಅಕ್ಕ ಅರ್ಜಿ ಹಾಕಬೇಕಿತ್ತು. ಅಂದೇ ಕೊನೆಯ ದಿನ. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಟಿ. ನರಸೀಪುರದ ಸೈಬರ್ ಅಂಗಡಿಗೆ ಹೋಗುತ್ತೇನೆಂದರೆ ಭಾವನ ಮರ್ಯಾದೆ ಹೋಗುತ್ತದಂತೆ, ಮನೆಯಲ್ಲೇ ಲ್ಯಾಪ್‌ಟಾಪ್ ಇದೆಯಲ್ಲ! ಆ ಲ್ಯಾಪ್‌ಟಾಪೋ, ಏಳಲೊಲ್ಲದು. ಅಕ್ಕ ಫೋನಿನಲ್ಲಿ ಅತ್ತಳು. ನಾನು ರಜೆ ಹಾಕಿ ನಂಜನಗೂಡಿನಿಂದ ಬೈಕಿನಲ್ಲಿ ಹೊರಟೆ, ದಾರಿಯುದ್ದಕ್ಕೂ ಭಾವನನ್ನು ಬೈಯುತ್ತ.

ಆನ್ ಮಾಡಿದರೆ ಪರದೆಯ ತುಂಬ ಎರರ್ ಪೆಟ್ಟಿಗೆಗಳು: ಆ ಫೈಲ್ ಇಲ್ಲ, ಈ ಫೈಲ್ ಸಿಗುತ್ತಿಲ್ಲ. ಪಂಚಾಂಗ, ವಾಲ್‌ಪೇಪರ್, ಕಂಪ್ಯೂಟರಿನ ವೇಗ ಹೆಚ್ಚಿಸುವ ಸಾಫ್ಟ್‌ವೇರ್, ಅದರಿಂದ ನಿಧಾನವಾಯಿತೆಂದು ವೇಗದ್ದೇ ಇನ್ನೊಂದು. ಎಲ್ಲವೂ ಆನ್ ಆದೊಡನೆ ತಾವೇ ಎದ್ದು ಕೂರುವಂಥವು. ಜಾಗ ಸಾಲದೆಂದು ಭಾವ ಅವುಗಳ ಫೋಲ್ಡರ್‌ಗಳನ್ನಷ್ಟೇ ಅಳಿಸಿದ್ದರು; ಎದ್ದವು ತಮ್ಮ ಫೈಲು ಕಾಣದೆ ಗೋಳಿಡುತ್ತಿದ್ದವು.

"ಇದನ್ನೆಲ್ಲ ಯಾಕೆ ಹಾಕ್ಕೊಂಡ್ರಿ ಭಾವ?"

"ನಾನೆಲ್ಲಿ ಆಕ್ಕಂಡೆ? ಅದೇ ಕೇಳ್ತು. ಅಷ್ಟು ಮರ್ಯಾದೆಯಿಂದ ಕೇಳ್ದಾಗ ಇಲ್ಲ ಅನ್ನಕಾದದಾ? ಓಕೆ ಒತ್ತಿದೆ ಕಣಪ್ಪ."

ನಂಟರಿಗೆ ಚಾಪೆ ಹಾಸಿದ ಹಾಗೆ ಬಂದದ್ದಕ್ಕೆಲ್ಲ ಜಾಗ ಕೊಟ್ಟಿದ್ದರು ಪುಣ್ಯಾತ್ಮರು. ಸ್ಟಾರ್ಟಪ್ ಪಟ್ಟಿ ತೆಗೆದು ಒಂದೊಂದನ್ನೇ ನಿಲ್ಲಿಸಿ, ಅನ್‌ಇನ್‌ಸ್ಟಾಲ್ ಮಾಡುತ್ತ ಬಂದೆ. ಒಂದೊಂದು ಹೋಗುವಾಗಲೂ ಭಾವ "ಅಯ್ಯೋ ಪಾಪ" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ರೀಸ್ಟಾರ್ಟ್ ಮಾಡಿದೆ; ತುಟಿಪಿಟಕ್ಕೆನ್ನದೆ ಎದ್ದಿತು.

"ಇನ್ಮೇಲೆ ಏನ್ ಕೇಳಿದ್ರೂ ನೋ ಒತ್ತಿ," ಎಂದು ಗದರಿದೆ. ಭಾವ ತಲೆಯಾಡಿಸಿದರು.

ಅಕ್ಕ ಹೇಳುತ್ತ ಹೋದಳು, ಭಾವ ಟೈಪ್ ಮಾಡುತ್ತ ಹೋದರು. ನಾನು ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದೆ. ಕೊನೆಗೊಂದು ಪೆಟ್ಟಿಗೆ ಬಂತು: ಅರ್ಜಿ ಸಲ್ಲಿಸಬೇಕೆ? ಭಾವ ನನ್ನತ್ತ ಹೆಮ್ಮೆಯಿಂದ ನೋಡಿ ನೋ ಒತ್ತಿದರು. ತುಂಬಿದ್ದೆಲ್ಲ ಮಾಯವಾಯಿತು.

ಅಕ್ಕ ಅಳಲಿಲ್ಲ. "ಊರೋರ್ಗೆಲ್ಲ ಊಂ ಅಂದ್ರಿ. ಇಲ್ಲ ಅನ್ನಾಕೆ ನನ್ ಅರ್ಜೀನೇ ಬೇಕಿತ್ತಾ ನಿಮ್ಗೆ?"

ಭಾವ ನೆಲ ನೋಡಿದರು. ಪಾಠ ಹೇಳಿಕೊಟ್ಟ ನಾನೂ ಲೋಟ ನೋಡಿದೆ.

ಅವರನ್ನು ಪಕ್ಕಕ್ಕೆ ಸರಿಸಿ ಅಕ್ಕ ತಾನೇ ಕುಳಿತಳು. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಎಲ್ಲವನ್ನೂ ಮತ್ತೆ ತುಂಬಿದಳು. ಅರ್ಜಿ ಹೋಯಿತು. ಹಾಗೇ ಲ್ಯಾಪ್‌ಟಾಪಿನ ಪಾಸ್‌ವರ್ಡೂ ಬದಲಾಯಿತು.

ಈಗ ಲ್ಯಾಪ್‌ಟಾಪ್ ಬೇಕೆಂದರೆ ಭಾವ ಅಕ್ಕನನ್ನು ಕೇಳಬೇಕು. ಬಹಳ ಮರ್ಯಾದೆಯಿಂದಲೇ ಕೇಳುತ್ತಾರೆ. ಅವಳು ಇಲ್ಲ ಎನ್ನುತ್ತಾಳೆ.