ಗ್ಲಾಸು ಎತ್ತಿ ಕುಡಿದ ಸಂಜೆ

"ಮೊದಲು ಮೂಸಿ, ಕುಡಿಯುವುದು ಆಮೇಲೆ" ಎಂದು ಗಡ್ಡದವನು ಇಂಗ್ಲಿಷಿನಲ್ಲಿ ಹೇಳಿದ. ಹೇಳಿದ್ದೇ ತಡ, ಉದ್ದ ಮೇಜಿನ ಸುತ್ತ ಕೂತಿದ್ದ ಓದುಬರಹದ ಜನರೆಲ್ಲ ಬಿಯರ್ ಗ್ಲಾಸಿನೊಳಗೆ ಮೂಗು ತೂರಿಸಿದರು. ತಿನ್ನುವುದನ್ನು ಮೂಸಿದರೆ ತುಮಕೂರಿನ ನಮ್ಮ ಮನೆಯಲ್ಲಿ ಅಮ್ಮ ತಲೆಗೆ ಮೊಟಕುತ್ತಾಳೆ, "ನಾಯಿ ಥರ ಮೂಸ್ಬೇಡ ಕಣೇ" ಅಂತ. ಇಲ್ಲಿ ಮೂಸುವುದೇ ವಿದ್ಯೆ.

ದಿಲ್ಲಿ ಪಕ್ಕದ ಗುರುಗ್ರಾಮದ ಒಂದು ಸಣ್ಣ ಬಿಯರ್ ತಯಾರಿಕೆಯ ಜಾಗ ಅದು, ಗಡ್ಡದವನು ಅಲ್ಲಿ ಬಿಯರ್ ತಯಾರಿಸುವವನು. ಗಾಜಿನ ಗೋಡೆಯ ಆಚೆ ಸ್ಟೀಲಿನ ದೊಡ್ಡ ದೊಡ್ಡ ಹಂಡೆಗಳು. ನಾನು ದಿಲ್ಲಿಗೆ ಬಂದದ್ದು ಹುದುಗು ಬರಿಸುವ ಜೀವಾಣುಗಳ ಮೇಲೆ ಸಂಶೋಧನೆ ಮಾಡಲು. "ಪುಸ್ತಕ ಸಾಕು, ಚಲೋ, ಬಂದು ನೋಡಿ" ಎಂದು ನಮ್ಮ ಪ್ರೊಫೆಸರ್ ಮೇಡಂ ನಮ್ಮಿಬ್ಬರನ್ನೂ ಆ ಶನಿವಾರ ಕರೆದುಕೊಂಡು ಹೋಗಿದ್ದರು. ಇನ್ನೊಬ್ಬಳು ನನ್ನ ಜೊತೆಗೇ ಸಂಶೋಧನೆ ಮಾಡುವ ಕಲಬುರಗಿಯ ನಸ್ರೀನ್.

ಬಿಯರಿನ ಭಯಕ್ಕಿಂತ ಅದರ ವಾಸನೆಯ ಭಯ ನನಗೆ ಹೆಚ್ಚಾಗಿತ್ತು. ದಿಲ್ಲಿಯ ಮುನಿರ್ಕಾದಲ್ಲಿ ನಾನು ಬಾಡಿಗೆಗಿರುವ ಕೋಣೆಯ ಒಡತಿ, ನಾವೆಲ್ಲ ಆಂಟಿ ಎನ್ನುವವರು, ಮೆಟ್ಟಿಲ ಬುಡದಲ್ಲಿ ಚಾರ್ಪಾಯಿ ಹಾಕಿಕೊಂಡು ಕೂತಿರುತ್ತಾರೆ. ಹಗ್ಗದ ಮಂಚ ಅದು, ಆದರೆ ಠಾಣೆ ಎಂದರೂ ನಡೆದೀತು. ಕುಡಿದು ಬಂದಳೆಂದು ಮೇಲಿನ ಕೋಣೆಯ ಹುಡುಗಿಯ ಹಾಸಿಗೆ, ಸೂಟ್‌ಕೇಸು, ಅನ್ನದ ಕುಕ್ಕರು ಎಲ್ಲವನ್ನೂ ಅವರು ಗಲ್ಲಿಗೆ ಹಾಕಿಸಿದ್ದನ್ನು ನಾನೇ ಕಂಡಿದ್ದೆ. ಆ ಹುಡುಗಿ ಕುಕ್ಕರು ತಬ್ಬಿಕೊಂಡು ನಿಂತಿದ್ದಳು. ಮನೆಮನೆ ಅಲೆದು ಸುಸ್ತಾಗಿದ್ದ ನನಗೆ ಆಂಟಿ ಕೋಣೆ ಕೊಟ್ಟದ್ದೇ "ಸೌತ್‌ವಾಲೇ ಸೀಧೇ ಹೋತೇ ಹೈಂ" ಎಂಬ ನಂಬಿಕೆಯ ಮೇಲೆ. ದಕ್ಷಿಣದವರು ಸಾಧುಗಳಂತೆ! ತುಮಕೂರಿನಲ್ಲಿ ನಾನು ಯಾರ ಮಗಳೆಂದು ಕೇಳುತ್ತಾರೆ. ಇಲ್ಲಿ ಆ ಒಂದು ಮಾತು ಬಿಟ್ಟರೆ ನನಗೆ ಬೇರೆ ಗುರುತೇ ಇರಲಿಲ್ಲ.

"ನಾನು ಮುಟ್ಟುವುದಿಲ್ಲ ಮೇಡಂ" ಎಂದು ನಸ್ರೀನ್ ಬಂದ ಕೂಡಲೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದಳು. ಅವಳನ್ನು ಯಾರೂ ಏಕೆಂದು ಕೇಳಲಿಲ್ಲ. ನನ್ನ ಬಳಿ ಹೇಳಿಕೊಳ್ಳುವಂಥ ಕಾರಣ ಒಂದೂ ಇರಲಿಲ್ಲ.

"ನೀ ಸುಮ್ನ ತುಟಿಗಿ ಹಚ್ಚಿ ಇಡು. ಯಾರಿಗಿ ಗೊತ್ತಾಗ್ತದ?" ಎಂದು ಅವಳು ಕಿವಿಯಲ್ಲಿ ಹೇಳಿಕೊಟ್ಟಳು.

ಹಾಗೇ ಮಾಡಿದೆ. ಗೋಧಿಯ ಬಿಯರು, ಕಪ್ಪು ಬಿಯರು, ಒಂದೊಂದನ್ನೂ ಮೂಸಿ, ತುಟಿಗೆ ತಾಗಿಸಿ ಕೆಳಗಿಟ್ಟೆ. ಅಕ್ಕಪಕ್ಕದವರು ಕಿತ್ತಳೆ ಸಿಪ್ಪೆ, ಲವಂಗ ಎಂದೆಲ್ಲ ಹೇಳುತ್ತಿದ್ದರು. ನನ್ನ ಮೂಗಿಗೆ ಹತ್ತಿದ್ದು ಹುಳಿ ಬಂದ ದೋಸೆ ಹಿಟ್ಟು ಮಾತ್ರ. ಪಾರಾದೆ ಅಂದುಕೊಳ್ಳುವಷ್ಟರಲ್ಲಿ ಗಡ್ಡದವನು ಮರದ ಪೀಪಾಯಿಯಿಂದ ಇಳಿಸಿದ ಒಂದು ದೊಡ್ಡ ಗ್ಲಾಸು ತಂದ. ಇರುವುದೇ ಇಷ್ಟು, ಎಲ್ಲರೂ ಒಂದೊಂದು ಗುಟುಕು ಕುಡಿದು ಮುಂದೆ ದಾಟಿಸಿ ಎಂದ.

ಬಾಯಿಂದ ಬಾಯಿಗೆ ಗ್ಲಾಸು ಬಂತು. ಮೇಡಂ ಗುಟುಕರಿಸಿ ನನ್ನ ಕೈಗೆ ಕೊಟ್ಟರು. ಅಂಚಿನಲ್ಲಿ ಅವರ ಲಿಪ್‌ಸ್ಟಿಕ್ಕಿನ ಗುರುತಿತ್ತು. ಎಂಜಲು! ತುಟಿಗೆ ತಾಗಿಸಿ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಚೊಂಬು ಎತ್ತಿ ಕುಡಿದ ಕೈ ನನ್ನದು. ಅದು ನನ್ನನ್ನು ಕೇಳದೆ ಗ್ಲಾಸನ್ನು ಹಣೆಯ ಮೇಲಕ್ಕೆ ಎತ್ತಿತು, ಬಾಯಿ ತೆರೆಯಿತು, ಧಾರೆ ಬಿತ್ತು. ನೀರು ಗಂಟಲಿಗಿಳಿಯುತ್ತದೆ, ಬಿಯರು ನೊರೆಯಾಗಿ ಮೂಗಿಗೇರಿತು. ಕೆಮ್ಮಿದ ರಭಸಕ್ಕೆ ಉಳಿದದ್ದೆಲ್ಲ ನನ್ನ ದುಪಟ್ಟಾ, ಕುರ್ತಾ ಮೇಲೆ ಚೆಲ್ಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಡ್ಡದವನಂತೂ ಇನ್ನೊಮ್ಮೆ ಮಾಡಿ ತೋರಿಸಿ ಎಂದ. ನನಗೆ ಕಣ್ಣೆದುರು ಕಂಡದ್ದು ಗಲ್ಲಿಯಲ್ಲಿದ್ದ ಆ ಕುಕ್ಕರು.

ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತಿಕ್ಕಿದೆ. ವಾಸನೆ ಹೋಗಲಿಲ್ಲ, ಬಟ್ಟೆ ಮಾತ್ರ ಒದ್ದೆಯಾಯಿತು. ಮೆಟ್ರೋದ ಹೆಂಗಸರ ಬೋಗಿಯಲ್ಲಿ ಪಕ್ಕದವಳು ಶಾಲನ್ನು ಮೂಗಿಗೆ ಹಿಡಿದು ಸರಿದು ಕೂತಳು. ನಸ್ರೀನ್ ಕ್ಯಾಂಪಸ್ಸಿನ ಹಾಸ್ಟೆಲಿಗೆ ತಿರುಗಿಕೊಂಡ ಮೇಲೆ ನಾನೊಬ್ಬಳೇ ಗಲ್ಲಿಯ ಕಡೆ ನಡೆದೆ. ಈ ಊರಿನಲ್ಲಿ ಆ ಕೋಣೆ ಬಿಟ್ಟರೆ ನನಗೆ ಹೋಗಲು ಬೇರೆ ಬಾಗಿಲಿರಲಿಲ್ಲ.

ಆಂಟಿ ಬಟಾಣಿ ಸುಲಿಯುತ್ತಾ ಕೂತಿದ್ದರು. ನಾನು ಮೊದಲ ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಕೈ ನಿಂತಿತು.

"ಯೇ ಬೂ ಕೈಸೀ ಹೈ, ಬೇಟಾ?" ಏನಿದು ವಾಸನೆ?

"ಡೋಸೇ ಕಾ ಘೋಲ್, ಆಂಟಿ. ಸಹೇಲಿ ಕೇ ಹಾಸ್ಟೆಲ್ ಮೇಂ ಗಿರ್ ಗಯಾ." ಗೆಳತಿಯ ಹಾಸ್ಟೆಲಿನಲ್ಲಿ ದೋಸೆ ಹಿಟ್ಟು ಚೆಲ್ಲಿತು ಎಂದೆ. ಅಷ್ಟು ನಿರರ್ಗಳವಾಗಿ ನಾನು ಹಿಂದಿ ಆಡಿದ್ದು ಅದೇ ಮೊದಲು.

ಅವರು ದುಪಟ್ಟಾದ ತುದಿ ಹಿಡಿದೆಳೆದು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು, ಥೇಟ್ ಆ ಮೇಜಿನ ಸುತ್ತಲಿನವರಂತೆ.

"ಅಚ್ಛಾ, ಖಟ್ಟಾ ಹೈ" ಎಂದರು. "ಇತ್ವಾರ್ ಕೋ ಹಮೇಂ ಭೀ ಖಿಲಾ." ಹುಳಿ ಇದೆ, ಭಾನುವಾರ ನಮಗೂ ತಿನ್ನಿಸು.

ಅಂದಿನಿಂದ ಪ್ರತಿ ಭಾನುವಾರ ಆ ಮನೆಗೆಲ್ಲ ನನ್ನ ದೋಸೆ. ದಿಲ್ಲಿಯ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ. ಉಬ್ಬದಿದ್ದರೆ ಹುಳಿ ಬರುವುದಿಲ್ಲ, ಹುಳಿ ಬಾರದಿದ್ದರೆ ಆಂಟಿಗೆ ಆ ಸಂಜೆಯ ವಾಸನೆ ನೆನಪಾಗಿ ಅನುಮಾನ ಬಂದೀತು. ಹುದುಗಿನ ಮೇಲೆ ಸಂಶೋಧನೆ ಮಾಡುವ ನಾನು ಪಾತ್ರೆಗೆ ಹತ್ತಿ ತುಂಬಿದ ರಜಾಯಿ ಸುತ್ತಿ, ಮಗ್ಗುಲಲ್ಲಿಟ್ಟುಕೊಂಡು ಮಲಗುತ್ತೇನೆ. "ಹಮಾರೀ ಡೋಸೇವಾಲೀ" ಎಂದು ಆಂಟಿ ಗಲ್ಲಿಗೆಲ್ಲ ಹೇಳಿಕೊಳ್ಳುತ್ತಾರೆ. ನಮ್ಮ ದೋಸೆಯವಳು! ಕೇಳಿದಾಗ ಸಂತೋಷವಾಗುತ್ತದೆ, ಒಳಗೇ ಹೆದರಿಕೆಯೂ ಆಗುತ್ತದೆ.

ಮೊನ್ನೆ ರಜೆಗೆ ತುಮಕೂರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಳು. "ಎಷ್ಟ್ ಚೆನ್ನಾಗ್ ಉಬ್ಬಿದೆ ನೋಡೇ" ಎಂದಳು. ಹುಳಿ ವಾಸನೆ ಅಡುಗೆಮನೆ ತುಂಬಿತು. ನನಗೆ ಆ ಸಂಜೆಯೇ ನೆನಪಾಯಿತು. ಅಮ್ಮನಿಗೆ ಬೆನ್ನು ತಿರುಗಿಸಿ, ದುಪಟ್ಟಾದ ತುದಿಯನ್ನು ಮೂಸಿ ನೋಡಿಕೊಂಡೆ.